ಕುರ್ಚಿಯೊಂದಕ್ಕೆ ಎಷ್ಟು ಕಾಗದ?

ಸೋಮವಾರಪೇಟೆಯ ಕಾಫಿ ತೋಟಗಳಲ್ಲಿ ಆಯುಷ್ಯ ಸವೆಸಿ ಸೊಂಟ ಬಿದ್ದ ಕೂಲಿಗಾರನಿಗೆ ಮಳೆಗಾಲದ ರಾತ್ರಿ ಲೈನುಮನೆಯ ಹಿಂದಿನ ಪಾಯಿಖಾನೆಯೇ ಪರವೂರು. ಅವನಿಗೆ ಬೇಕಾದುದು ಒಂದು ಕಮೋಡ್ ಕುರ್ಚಿ. 2018ರ ಆಯುಷ್ಮಾನ್ ವಿಮೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಎನ್ನುತ್ತದೆ. ಆ ಹಣ ಆಸ್ಪತ್ರೆ ಸೇರಿದವರ ಚಿಕಿತ್ಸೆಗೆ, ಮನೆಯ ಕುರ್ಚಿಗಲ್ಲ.

2017ರ ರಾಷ್ಟ್ರೀಯ ವಯೋಶ್ರೀ ಯೋಜನೆಯ ಪಟ್ಟಿಯಲ್ಲಿ ಆ ಕುರ್ಚಿಯೂ ಉಂಟು, ಪುಕ್ಕಟೆಯಾಗಿ. ಆದರೆ 60 ತುಂಬಿದ್ದಕ್ಕೆ ದಾಖಲೆ, ಬಿ.ಪಿ.ಎಲ್. ಚೀಟಿ ಇಲ್ಲವೆ ತಿಂಗಳ ವರಮಾನ 15,000 ರೂಪಾಯಿ ಮೀರಿಲ್ಲವೆಂಬ ಪತ್ರ, ಮೇಲೆ ತಪಾಸಣೆಯ ಶಿಬಿರಕ್ಕೋ ಕೇಂದ್ರಕ್ಕೋ ಹಾಜರಿ! ಏಳಲಾರದವನು ತಾನು ಏಳಲಾರೆನೆಂದು ರುಜುವಾತು ಮಾಡಲು ಎದ್ದು ಬರಬೇಕೆ? ಇದಾವ ನ್ಯಾಯ? ನಾವು ಭಿಕ್ಷೆ ಬೇಡುತ್ತಿಲ್ಲ. ದುಡಿದವನ ಮಾನ ಕೇಳುತ್ತಿದ್ದೇವೆ. ಕಾಗದ ಬರೆಯುವ ಅಧಿಕಾರಿಯೇ ಲೈನುಮನೆಯ ಮೆಟ್ಟಿಲು ಹತ್ತಲಿ.