ಯಾವ ಹೂವೆಂದು ಕೇಳಿ, ಎಲ್ಲಿಯದೆಂದು ಕೇಳಬೇಡಿ

ಕಾಡಿನ ಆರ್ಕಿಡ್ ಒಂದರ ಫೋಟೋ ಹಾಕಿ ನೋಡಿ, ಮೊದಲು ಬರುವ ಪ್ರಶ್ನೆ 'ಲೊಕೇಶನ್ ಎಲ್ಲಿ?' ಜಾಗ ಹೇಳದಿದ್ದರೆ ಗುರುತಿಸುವುದು ಹೇಗೆ ಎಂದು ಸಸ್ಯಶಾಸ್ತ್ರ ಓದಿದವರೂ ಗದರುತ್ತಾರೆ. ಲೇಡೀಸ್ ಸ್ಲಿಪ್ಪರ್ ಆರ್ಕಿಡ್‌ಗಳ ವಿಷಯದಲ್ಲಂತೂ ಇದು ಸೋಮಾರಿತನ. ಹೂವೇ ಬಾಯಿಬಿಟ್ಟು ಹೇಳುತ್ತಿರುವಾಗ ನಕ್ಷೆ ಯಾಕೆ ಬೇಕು?

ಮಲೆನಾಡಿನ ನಮಗೆ ಆರ್ಕಿಡ್ ಎಂದರೆ ಸೀತಾಳೆ ದಂಡೆ. ಅದರ ಹೂವಿನಲ್ಲಿ ಪರಾಗವಿರುವ ಕೇಸರ ಒಂದೇ. ಸ್ಲಿಪ್ಪರ್ ಗುಂಪಿನಲ್ಲಿ ಎರಡು. ಅವುಗಳ ನಡುವೆ ಗುರಾಣಿಯಂಥ ಬರಡು ಕೇಸರ, ಕೆಳಗೆ ಚಪ್ಪಲಿ ಮೂತಿಯ ಚೀಲ. ಚೀಲ ನೋಡಿ ಗುಂಪು ಹೇಳಬಹುದು, ಪ್ರಭೇದ ಹೇಳಲಾಗದು. ಅದಕ್ಕೆ ಗುರಾಣಿಯ ಆಕಾರ, ದಳ, ಎಲೆ ನೋಡಬೇಕು. ಪೂರ್ವ ಹಿಮಾಲಯದ ಪ್ಯಾಫಿಯೋಪೆಡಿಲಮ್ ಫೇರಿಯಾನಮ್‌ನ ದಳಗಳು ಎಮ್ಮೆಕೊಂಬಿನಂತೆ ಕೆಳಗಿಳಿದು ತುದಿಯಲ್ಲಿ ಮೇಲಕ್ಕೆ ಬಾಗಿರುತ್ತವೆ. ವೆನುಸ್ಟಮ್‌ನ ಎಲೆ ಮಚ್ಚೆಮಚ್ಚೆ, ಚೀಲದ ಮೇಲೆ ಹಸಿರು ಗೆರೆಗಳ ಬಲೆ. ದಕ್ಷಿಣ ಭಾರತದ ಕಾಡಿನಲ್ಲಿರುವುದು ಒಂದೇ ಒಂದು, ಅಗಸ್ತ್ಯಮಲೆ ಸೀಮೆಯ ಡ್ರುರಿಯೈ. ಎಲೆ ಅಚ್ಚ ಹಸಿರು, ಹೂವು ಹಳದಿ. ತಲೆಯ ಮೇಲೆ ನಿಂತ ಪುಷ್ಪಪತ್ರದ ನಟ್ಟನಡುವೆ ಕುಂಚದಿಂದ ಎಳೆದಂಥ ಕಡುಗಂದು ಪಟ್ಟೆ, ಎರಡು ದಳಗಳ ಮೇಲೂ ಅದೇ ಪಟ್ಟೆ. ಇನ್ನೊಂದರ ಜೊತೆ ಗೊಂದಲವಾಗುವ ಹೂವೇ ಅಲ್ಲ ಅದು.

ಹೂವಿಲ್ಲದ ಗಿಡವನ್ನು ಹೇಳುವುದು ಕಷ್ಟ, ಒಪ್ಪುತ್ತೇನೆ. ಆಗ 'ಗೊತ್ತಿಲ್ಲ' ಎಂದರೆ ಯಾರ ಗಂಟೂ ಹೋಗುವುದಿಲ್ಲ.

ವಿಜ್ಞಾನಕ್ಕೆ ದಾಖಲೆ ಬೇಡವೇ ಎನ್ನುತ್ತಾರೆ. ಬೇಕು. ಅದು ಹರ್ಬೇರಿಯಮ್‌ನಲ್ಲಿ, ಅರಣ್ಯ ಇಲಾಖೆಯಲ್ಲಿ ಇರಲಿ, ಎಲ್ಲರ ಮೊಬೈಲಿನಲ್ಲಲ್ಲ. ವಿಯೆಟ್ನಾಮಿನ ಪ್ಯಾಫಿಯೋಪೆಡಿಲಮ್ ವಿಯೆಟ್ನಾಮೆನ್ಸ್ ಹೆಸರು ಪಡೆದದ್ದು 1999ರಲ್ಲಿ. ಕೆಲವೇ ವರ್ಷಗಳಲ್ಲಿ ಸಂಗ್ರಹಕಾರರು ಆ ಗುಡ್ಡಗಳನ್ನು ಬರಿದು ಮಾಡಿದರು. ಇಂಗ್ಲೆಂಡಿನಲ್ಲಿ ನಿರ್ನಾಮವಾಯಿತು ಎಂದುಕೊಂಡಿದ್ದ ಸಿಪ್ರಿಪೀಡಿಯಮ್ ಕ್ಯಾಲ್ಸಿಯೋಲಸ್ 1930ರಲ್ಲಿ ಯಾರ್ಕ್‌ಷೈರ್‌ನಲ್ಲಿ ಸಿಕ್ಕಿತು, ಅದೂ ಒಂದೇ ಗಿಡ. ಕಂಡವರು ದಶಕಗಳ ಕಾಲ ಬಾಯಿ ಬಿಡಲಿಲ್ಲ. ಗಿಡ ಉಳಿಯಿತು, ಅದರ ಬೀಜದಿಂದ ಕ್ಯೂ ಉದ್ಯಾನದಲ್ಲಿ ಸಸಿಗಳೂ ಎದ್ದವು.

ಇಷ್ಟೆಲ್ಲ ಬರೆಯುವ ನಾನೇನೂ ಸಾಚಾ ಅಲ್ಲ. ಪಿಎಚ್‌ಡಿಯ ಮೊದಲ ವರ್ಷ ಅಗಸ್ತ್ಯಮಲೆಗೆ ಚಾರಣ ಹೋದಾಗ, ದಾರಿ ತೋರಿಸುತ್ತಿದ್ದ ಹಿರಿಯರನ್ನು ಹತ್ತು ಜನರ ಎದುರಿಗೇ 'ಆ ಹಳದಿ ಹೂವು ಯಾವ ಕಡೆ, ಚೇಟ್ಟಾ?' ಎಂದು ಕೇಳಿದ್ದೆ. ಇಪ್ಪತ್ತು ವರ್ಷದಿಂದ ಆ ಕಾಡು ತುಳಿದವರು ನನ್ನ ಕ್ಯಾಮೆರಾ ನೋಡಿದರು, ಗುಂಪನ್ನು ನೋಡಿದರು. 'ಮರೆತುಹೋಯಿತು' ಎಂದು ನಡೆದುಬಿಟ್ಟರು.

ಈಗಲೂ ನನಗೆ ಫೋಟೋಗಳು ಬರುತ್ತವೆ. ಕಳಿಸಿ, ಆದರೆ ಲೊಕೇಶನ್ ಆಫ್ ಮಾಡಿ. ಎಲೆಯದೂ ಒಂದು ಇರಲಿ.