ಒಂಬತ್ತರ ಕೆಳಗೆ ಹತ್ತು

ಮಕ್ಕಳೇ, ಪ್ರಾಜೆಕ್ಟ್ ಪುಸ್ತಕದಲ್ಲಿ ಪಟ್ಟಿ ಬರೆಯುವಾಗ ಒಂಬತ್ತರವರೆಗೆ ಸಾಲು ನೆಟ್ಟಗಿರುತ್ತದೆ. ಹತ್ತು ಬಂದ ಕೂಡಲೇ ಸೊಟ್ಟಗಾಗುತ್ತದೆ, ಅಲ್ಲವೇ? 9ರ ಕೆಳಗೆ ಬರಬೇಕಾದದ್ದು 10ರ ಸೊನ್ನೆ, ಒಂದಲ್ಲ. ಬಿಡಿಯ ಕೆಳಗೆ ಬಿಡಿ, ಹತ್ತರ ಕೆಳಗೆ ಹತ್ತು. ಕೂಡುವ ಲೆಕ್ಕದಲ್ಲಿ ನಿಮ್ಮ ಮೇಷ್ಟ್ರು ಹೇಳಿಕೊಟ್ಟದ್ದೇ ಇದು.

ನಮ್ಮ ಬ್ಯಾಂಕಿನ ಲೆಡ್ಜರಿನಲ್ಲಿ ಇದು ಬರೀ ಅಂದದ ಮಾತಾಗಿರಲಿಲ್ಲ. 450 ರೂಪಾಯಿ ಒಂದು ಮನೆ ಎಡಕ್ಕೆ ಜಾರಿದರೆ ಕೂಡುವವನ ಕಣ್ಣಿಗೆ ಅದು 4,500. ಸಂಜೆ ಲೆಕ್ಕ ತಾಳೆಯಾಗುವುದಿಲ್ಲ, ವ್ಯತ್ಯಾಸ 4,050. ಹಳಬರು ಮೊದಲು ಅದನ್ನು ಒಂಬತ್ತರಿಂದ ಭಾಗಿಸುತ್ತಿದ್ದರು. ಶೇಷವಿಲ್ಲದೆ 450 ಬಂದರೆ ಅಂಕಿ ಮನೆ ಜಾರಿದೆ ಎಂಬ ಗುಮಾನಿ. 54 ಬರೆಯುವ ಕಡೆ 45 ಬರೆದರೂ ವ್ಯತ್ಯಾಸ ಒಂಬತ್ತೇ. ಬೇರೆ ಸಂಖ್ಯೆ ಹಿಡಿದು ನೀವೂ ಮಾಡಿ ನೋಡಿ.

ಟೈಪ್‌ರೈಟರಿನಲ್ಲಿ ಎಲ್ಲ ಅಂಕಿಗೂ ಖಾಲಿ ಜಾಗಕ್ಕೂ ಒಂದೇ ಅಗಲ. 1ರಿಂದ 9ರವರೆಗೆ ಮುಂಚೆ ಒಂದು ಸ್ಪೇಸ್ ಒತ್ತಿದರೆ ಮುಗಿಯಿತು. ಕಂಪ್ಯೂಟರಿನಲ್ಲಿ ಆ ಉಪಾಯ ನಡೆಯದು, ಹೆಚ್ಚಿನ ಫಾಂಟುಗಳಲ್ಲಿ ಖಾಲಿ ಜಾಗ ಅಂಕಿಗಿಂತ ಕಿರಿದು. ಸಂಖ್ಯೆಗಳನ್ನು ಬಲಕ್ಕೆ ಹೊಂದಿಸುವ ಆಯ್ಕೆ ಅದರಲ್ಲೇ ಇದೆ, ಅದನ್ನು ಬಳಸಿ.

ಇನ್ನೊಂದು, ಬಾಬು ಉದ್ದವಾಗಿ ಎರಡನೇ ಸಾಲಿಗೆ ಹೋದರೆ ಆ ಸಾಲು ಅಕ್ಷರದ ಕೆಳಗೆ ಶುರುವಾಗಬೇಕು, ಸಂಖ್ಯೆಯ ಕೆಳಗಲ್ಲ. ದೊಡ್ಡಬಳ್ಳಾಪುರದ ಕಡೆಯ ರೈತರೊಬ್ಬರ ಕೈಯಲ್ಲಿ ಸಾಲಕ್ಕೆ ಬೇಕಾದ ಕಾಗದಗಳ ಪಟ್ಟಿ ನೋಡಿದ್ದೆ. ಮೂರನೇ ಬಾಬು ‘ಪಹಣಿ ಮತ್ತು’ ಎಂದು ನಿಂತು, ಕೆಳಗಿನ ಸಾಲಿನ ಅಂಚಿನಲ್ಲೇ ‘13 ವರ್ಷಗಳ ಋಣಭಾರ ಪತ್ರ’ ಎಂದಿತ್ತು. ಅಂಚಿನಲ್ಲಿ ಕಾಣುತ್ತಿದ್ದದ್ದು 1, 2, 3, 13, 4! ಆ 13 ಯಾವ ಲೆಕ್ಕವೋ ತಿಳಿಯದೆ, ಕೊನೆಯ ಸಂಖ್ಯೆ ಆರು ಎಂದು ಅವರು ಆರು ಕಾಗದ ಎಣಿಸಿ ತಂದಿದ್ದರು. ಮನೆಯಲ್ಲಿ ನಾಲ್ಕನೇ ಜ್ವರ ಎದ್ದ ರೇಷ್ಮೆಹುಳು ಸೊಪ್ಪಿಗೆ ಕಾಯುತ್ತಿತ್ತು. ಇವರು ಮತ್ತೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಓಡಬೇಕಾಯಿತು. ಒಂದು ಕಾಗದಕ್ಕೆ ಒಂದು ಸಂಖ್ಯೆ ಕೊಟ್ಟಿದ್ದರೆ ಗಂಟೇನು ಹೋಗುತ್ತಿತ್ತು?

ಪಟ್ಟಿಯ ನಡುವೆ ಹೊಸದು ಸೇರಿಸಬೇಕಾದರೆ? ಸರ್ವೆ ನಂಬರ್ 45ರ ಹೊಲ ಅಣ್ಣತಮ್ಮಂದಿರಿಗೆ ಪಾಲಾದರೆ 45/1, 45/2 ಆಗುತ್ತದೆ, ಪಕ್ಕದ 46 ಹಾಗೇ ಇರುತ್ತದೆ. ನಿಮ್ಮ ಉಚಿತ ಶಿಕ್ಷಣದ ಹಕ್ಕು 2002ರ 86ನೇ ತಿದ್ದುಪಡಿಯಲ್ಲಿ ಸಂವಿಧಾನಕ್ಕೆ ಸೇರಿದಾಗಲೂ ಹಾಗೆಯೇ. 22ನೇ ವಿಧಿಯನ್ನು ಯಾರೂ 23 ಮಾಡಲಿಲ್ಲ, ಹೊಸದನ್ನು 21ಎ ಎಂದು ನಡುವೆ ಕೂರಿಸಿದರು. ಅಂಥದ್ದನ್ನು ಬರೆಯುವಾಗ ಅಂಕಿಗಳ ಸಾಲು ಕೆಡದಿರಲಿ, ‘ಎ’ ಮಾತ್ರ ಬಲಕ್ಕೆ ಚಾಚಿಕೊಂಡಿರಲಿ.