ಮಾಡು ಸೋರುವುದಕ್ಕೆ ಮುಂಚೆ ನೋಡತಕ್ಕ ಕುರುಹುಗಳು

ಬೇಸಾಯದ ಹಂಗಾಮು ಸಮೀಪಿಸಿದೊಡನೆ ಜಾಗರೂಕನಾದ ರೈತನು ನೇಗಿಲು ಕುಂಟೆಗಳನ್ನು ಪರೀಕ್ಷಿಸುವನು. ಎತ್ತನ್ನು ಕೊಳ್ಳುವಾಗ ಬಾಯಿ ತೆರೆಸಿ ಹಲ್ಲನ್ನು ನೋಡುವನು. ಬೀಜವನ್ನು ಒಂದು ಹಿಡಿ ನೆನೆಯಿಟ್ಟು ಮೊಳಕೆಯ ಬಲವನ್ನು ತಿಳಿಯುವನು. ಆದರೆ ಈ ಸಾಮಗ್ರಿಗಳೆಲ್ಲವನ್ನೂ, ಇವನ್ನು ಬಳಸುವ ಸಂಸಾರವನ್ನೂ ಮಳೆಗಾಳಿಗಳಿಂದ ಕಾಪಾಡುವ ಮನೆಯ ಮಾಡನ್ನು ತಲೆಯೆತ್ತಿ ನೋಡುವವರು ಬಹು ವಿರಳ. ಮಾಡಿನ ನೆನಪು ಬರುವುದು ಆರ್ದ್ರಾ ಮಳೆಯ ಒಂದು ರಾತ್ರಿ, ಹಾಸಿಗೆಯ ಮೇಲೆ ನೀರು ತೊಟ್ಟಿಕ್ಕಿದಾಗ. ಆಗ ಕೆಳಗೆ ಒಂದು ಪಾತ್ರೆಯನ್ನು ಇಡುವರು. ಮಳೆ ನಿಂತ ಮೇಲೆ ಪಾತ್ರೆಯನ್ನು ತೆಗೆಯುವುದರೊಂದಿಗೆ ಆ ಚಿಂತೆಯೂ ಮುಗಿದುಹೋಗುವುದು.

ಈ ವಿಷಯದಲ್ಲಿ ಜನರಲ್ಲಿ ಎರಡು ತಪ್ಪು ಭಾವನೆಗಳು ಬೇರೂರಿವೆ. ಸೋರುವ ಮಾಡೆಲ್ಲವೂ ಕೆಟ್ಟುಹೋದ ಮಾಡು ಎಂಬುದು ಒಂದು. ಸೋರದ ಮಾಡೆಲ್ಲವೂ ಭದ್ರವಾದ ಮಾಡು ಎಂಬುದು ಇನ್ನೊಂದು. ಮೊದಲನೆಯದರಿಂದ ಹಣ ಹಾಳಾಗುವುದು. ಎರಡನೆಯದರಿಂದ ಪ್ರಾಣವೇ ಹೋಗಬಹುದು. ಹತ್ತು ಹೆಂಚುಗಳನ್ನು ಬದಲಾಯಿಸಿದರೆ ಸರಿಹೋಗುವ ಮನೆಯನ್ನು ಕೆಡವಿ ಸಾಲಮಾಡಿ ತಾರಸಿ ಹಾಕಿಸಿದವರು ಉಂಟು. ಒಂದು ಹನಿಯೂ ಸೋರದ ಮಾಳಿಗೆಯ ಕೆಳಗೆ ನಿಶ್ಚಿಂತೆಯಿಂದ ಮಲಗಿ, ಬೆಳಗಾಗುವುದರೊಳಗೆ ಅದರಡಿ ಸಿಕ್ಕಿದವರೂ ಉಂಟು. ಮಾಡನ್ನು ಬದಲಾಯಿಸಬೇಕೇ ಬೇಡವೇ ಎಂಬುದನ್ನು ನಿರ್ಣಯಿಸತಕ್ಕದ್ದು ಸೋರಿಕೆಯಲ್ಲ. ಭಾರವನ್ನು ಹೊತ್ತಿರುವ ಮರ, ಗೋಡೆ, ಕಬ್ಬಿಣಗಳ ಸ್ಥಿತಿ. ಅದನ್ನು ನೋಡತಕ್ಕ ಕಾಲವು ಮಳೆಗಾಲವಲ್ಲ. ಸುಗ್ಗಿ ಮುಗಿದು ಕೈಯಲ್ಲಿ ಹಣವೂ ಬಿಡುವೂ ಇರುವ ಮಾಘ ಫಾಲ್ಗುಣ ಮಾಸಗಳು.

ಮನೆಯ ಮಾಡಿಗೂ ವ್ಯವಸಾಯಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ರೈತನ ಮನೆಯೇ ಅವನ ಕಣಜ. ಅಟ್ಟವೇ ಅವನ ಬೀಜದ ಉಗ್ರಾಣ. ನೂರಕ್ಕೆ 14 ಭಾಗಕ್ಕಿಂತ ಹೆಚ್ಚು ತೇವವಿರುವ ಭತ್ತವು ಬಹುಕಾಲ ಕೆಡದೆ ನಿಲ್ಲಲಾರದು. ಕಡಲೆಕಾಯಿ, ಮುಸುಕಿನ ಜೋಳಗಳಿಗೆ ತೇವ ತಗುಲಿದರೆ ಬೂಷ್ಟು ಹಿಡಿದು ಅಫ್ಲಟಾಕ್ಸಿನ್ ಎಂಬ ವಿಷವು ಹುಟ್ಟುವುದು. ಈ ವಿಷವು ಯಕೃತ್ತಿಗೆ ಮಾರಕವಾದುದು. ಸಾಮಾನ್ಯ ಅಡಿಗೆಯ ಕಾವಿನಿಂದ ನಾಶವಾಗುವುದೂ ಇಲ್ಲ. 1974ರಲ್ಲಿ ಗುಜರಾತ್ ರಾಜಸ್ಥಾನಗಳ ಗಡಿಭಾಗದ ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಮುಸುಕಿನ ಜೋಳವನ್ನು ಉಂಡು ನೂರಕ್ಕೂ ಹೆಚ್ಚು ಜನರು ಮಡಿದರು. ಆದಕಾರಣ ಕಣಜದ ಮೇಲಿನ ಒಂದು ಒಡಕು ಹೆಂಚು ಅಲ್ಪ ವಿಷಯವಲ್ಲ.

ಒಂದೊಂದು ಸೀಮೆಗೆ ಒಂದೊಂದು ಬಗೆಯ ಮಾಡು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಬೀಳುವುದು. ಚಳ್ಳಕೆರೆಯ ಕಡೆ 500 ಮಿಲಿಮೀಟರಿನ ಆಸುಪಾಸು. ಮೊದಲನೆಯ ಕಡೆ ನೀರನ್ನು ಬೇಗನೆ ಹರಿಸುವ ಇಳಿಜಾರು ಮಾಡೂ, ಎರಡನೆಯ ಕಡೆ ಬಿಸಿಲನ್ನು ತಡೆಯುವ ದಪ್ಪ ಮಾಳಿಗೆಯೂ ರೂಢಿಗೆ ಬಂದದ್ದು ಹಿರಿಯರ ವಿವೇಕದಿಂದ. ಇವು ಕೆಡುವ ರೀತಿಯೂ ಬೇರೆ ಬೇರೆಯಾದುದರಿಂದ ಕುರುಹುಗಳನ್ನೂ ಬೇರೆಯಾಗಿಯೇ ತಿಳಿಯಬೇಕು.

ಹೆಂಚಿನ ಮಾಡು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದಂದಿನಿಂದ ಮಂಗಳೂರು ಹೆಂಚು ಕರಾವಳಿ ಮಲೆನಾಡುಗಳಲ್ಲೂ ಅನ್ಯದೇಶಗಳಲ್ಲೂ ಹರಡಿತು. ಚೆನ್ನಾಗಿ ಸುಟ್ಟ ಹೆಂಚು ಅದನ್ನು ಹೊತ್ತ ಮರಕ್ಕಿಂತ ಹೆಚ್ಚು ಕಾಲ ಬಾಳುವುದು. ಹೀಗಿರುವಲ್ಲಿ ಹೆಂಚನ್ನು ದೂರಿ ಮರವನ್ನು ಮರೆಯುವುದು ವಿವೇಕವಲ್ಲ. ಹೆಂಚಿನ ಪರೀಕ್ಷೆಯು ಸುಲಭ. ಒಣಗಿದ ಹೆಂಚೊಂದನ್ನು ತೂಗಿ, ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿ, ಮೇಲಣ ನೀರನ್ನು ಒರೆಸಿ ತಿರುಗಿ ತೂಗಬೇಕು. ತೂಕವು ಐದರಲ್ಲೊಂದು ಪಾಲಿಗಿಂತ ಹೆಚ್ಚಿದರೆ, ಎಂದರೆ ಎರಡೂವರೆ ಕಿಲೋ ಇದ್ದ ಹೆಂಚು ಮೂರು ಕಿಲೋ ಮೀರಿದರೆ, ಅದು ನೀರನ್ನು ಮಿತಿಮೀರಿ ಕುಡಿಯುವ ಹೆಂಚೆಂದು ತಿಳಿಯಬೇಕು. ಅಂತಹ ಹೆಂಚು ಸೋರದಿದ್ದರೂ ಭಾರವನ್ನು ಹೆಚ್ಚಿಸಿ, ಕೆಳಗಿನ ರೀಪುಗಳನ್ನು ಸದಾ ತೇವದಲ್ಲಿಟ್ಟು ಕೊಳೆಯಿಸುವುದು. ಮಾಡಿನ ಬೇರೆ ಬೇರೆ ಕಡೆಗಳಿಂದ ಐದಾರು ಹೆಂಚುಗಳನ್ನು ತೆಗೆದು ನೋಡಿದಲ್ಲದೆ ತೀರ್ಮಾನಿಸಲಾಗದು.

ಮರದ ಪರೀಕ್ಷೆಗೆ ಹೆಚ್ಚಿನ ತಾಳ್ಮೆ ಬೇಕು. ಅದರ ಕ್ರಮವು ಹೀಗೆ:

(1) ಮನೆಯಿಂದ ಐವತ್ತು ಹೆಜ್ಜೆ ದೂರ ನಿಂತು ಮಾಡಿನ ನೆತ್ತಿಯ ಗೆರೆಯನ್ನು ನೋಡಬೇಕು. ಅದು ಎತ್ತಿನ ಬೆನ್ನಿನಂತೆ ನಡುವೆ ತಗ್ಗಿದ್ದರೆ ತೊಲೆಯೋ ಪಕಾಸಿಯೋ ಸೋತಿದೆಯೆಂದು ಅರ್ಥ.

(2) ತೊಲೆಯ ಎರಡು ತುದಿಗಳಿಗೂ ದಾರವನ್ನು ಬಿಗಿದು ನಡುವಿನ ತಗ್ಗನ್ನು ಅಳೆದು ಬರೆದಿಡಬೇಕು. ಹಳೆಯ ಮರವು ಸ್ವಲ್ಪ ಬಾಗಿರುವುದು ಸಹಜ. ಮಳೆಗಾಲ ಕಳೆದ ಮೇಲೆ ಮತ್ತೆ ಅಳೆದಾಗ ತಗ್ಗು ಹೆಚ್ಚಿದ್ದರೆ ಮಾತ್ರ ಅದು ಅಪಾಯದ ಕುರುಹು.

(3) ಗೋಡೆಯೊಳಗೆ ಹುದುಗಿರುವ ತೊಲೆಯ ತುದಿಗಳು ಎಲ್ಲಕ್ಕೂ ಮೊದಲು ಕೊಳೆಯುವುವು. ಅಲ್ಲಿ ದಬ್ಬಳವನ್ನು ಒತ್ತಿ ನೋಡಬೇಕು. ಅದು ಬೆಣ್ಣೆಗೆ ಇಳಿದಂತೆ ಇಳಿದರೆ ಮರದ ಸತ್ವವು ಹೋಗಿದೆ. ಸುತ್ತಿಗೆಯಿಂದ ಬಡಿದಾಗ ಗಟ್ಟಿ ಮರವು ಗಣಗಣಿಸುವುದು. ಒಳಗೆ ಟೊಳ್ಳಾದ ಮರವು ಮಂಕು ಸದ್ದನ್ನು ಕೊಡುವುದು.

(4) ಗೋಡೆಯ ಮೇಲೆ ಗೆದ್ದಲಿನ ಮಣ್ಣಿನ ದಾರಿ ಇದೆಯೇ, ಮರದ ಕೆಳಗೆ ಹಿಟ್ಟಿನಂತಹ ಹುಡಿ ಬಿದ್ದಿದೆಯೇ ಎಂಬುದನ್ನು ನೋಡಿ, ಗುಡಿಸಿ ತೆಗೆದು, ಹದಿನೈದು ದಿನಗಳ ತರುವಾಯ ಮತ್ತೆ ನೋಡಬೇಕು. ಹೊಸ ಹುಡಿ ಬಿದ್ದಿದ್ದರೆ ಹುಳುವು ಒಳಗೆ ಜೀವಂತವಾಗಿದೆ. ಹಳೆಯ ತೂತುಗಳು ಮಾತ್ರ ಇದ್ದು ಹುಡಿಯಿಲ್ಲದಿದ್ದರೆ ಅದು ತೀರಿಹೋದ ರೋಗ.

(5) ಗೋಡೆಯ ಮೇಲಂಚು ಹೊರಕ್ಕೆ ವಾಲಿದೆಯೇ ಎಂಬುದನ್ನು ತೂಗುಗುಂಡಿನಿಂದ ಪರೀಕ್ಷಿಸಬೇಕು. ಮಾಡಿನ ಕಟ್ಟು ಸಡಿಲವಾದಾಗ ಪಕಾಸಿಗಳು ಗೋಡೆಯನ್ನು ಹೊರಕ್ಕೆ ತಳ್ಳುವುವು.

ಈ ಐದರಲ್ಲಿ ಯಾವುದೂ ಕಾಣದೆ ಅಲ್ಲಲ್ಲಿ ನೀರು ತೊಟ್ಟಿಕ್ಕುವುದು ಮಾತ್ರ ಇದ್ದರೆ ಮಾಡನ್ನು ಬದಲಾಯಿಸುವ ಕಾರಣವಿಲ್ಲ. ನಡುಹಗಲಿನಲ್ಲಿ ಅಟ್ಟವನ್ನು ಕತ್ತಲೆಮಾಡಿ ಬೆಳಕಿನ ಕಿಂಡಿಗಳನ್ನು ಗುರುತಿಸಿ, ಆ ಹೆಂಚುಗಳನ್ನು ಬದಲಾಯಿಸಿ, ಸಂದಿಗಳಲ್ಲಿ ಸೇರಿದ ತರಗೆಲೆ ಪಾಚಿಗಳನ್ನು ತೆಗೆದರೆ ಸಾಕು. ಪ್ರತಿವರ್ಷ ಬದಲಾಯಿಸಿದ ಹೆಂಚುಗಳ ಸಂಖ್ಯೆಯನ್ನು ಲೆಕ್ಕದ ಪುಸ್ತಕದಲ್ಲಿ ಬರೆದಿಡುವುದು ಉತ್ತಮ. ಕೋತಿಗಳ ಹಾವಳಿಯಿಲ್ಲದೆಯೂ ಆ ಸಂಖ್ಯೆ ವರ್ಷವರ್ಷಕ್ಕೆ ಏರುತ್ತಿದ್ದರೆ, ಕೆಳಗಿನ ಮರವು ಅಲುಗುತ್ತಿದೆಯೆಂದು ಆ ಪುಸ್ತಕವೇ ಹೇಳುವುದು.

ಮಣ್ಣಿನ ಮಾಳಿಗೆ. ಉತ್ತರದ ಜಿಲ್ಲೆಗಳಲ್ಲಿ ಮೇಲ್ಮುದ್ದೆಯೆಂದು ಕರೆಯುವ ಈ ಮಾಡು ಬೇಸಗೆಯಲ್ಲಿ ತಂಪನ್ನೂ ಚಳಿಯಲ್ಲಿ ಬೆಚ್ಚನೆಯ ವಾಸವನ್ನೂ ಕೊಡುವುದು. ಆದರೆ ಸೋರಿದಾಗಲೆಲ್ಲಾ ಮೇಲೆ ಮತ್ತಷ್ಟು ಮಣ್ಣನ್ನು ಹಾಕಿ ಬಡಿಯುವ ವಾಡಿಕೆಯೇ ಇದರ ಶತ್ರು. ಹತ್ತು ಅಡಿ ಉದ್ದ ಹತ್ತು ಅಡಿ ಅಗಲದ ಕೋಣೆಯೊಂದರ ಮೇಲೆ ಅರ್ಧ ಅಡಿ ದಪ್ಪ ಮಣ್ಣಿದ್ದರೆ ಅದರ ತೂಕವು ಒಣಗಿದಾಗಲೇ ಎರಡು ಟನ್ನಿಗೆ ಕಡಮೆಯಾಗದು. ತಂದೆಯ ಕಾಲದಲ್ಲಿ ಅರ್ಧ ಅಡಿ ಇದ್ದದ್ದು ಮಗನ ಕಾಲಕ್ಕೆ ಒಂದು ಅಡಿಯಾದರೆ ಭಾರವು ನಾಲ್ಕು ಟನ್ನು ಮೀರುವುದು. ಜಡಿಮಳೆಯಲ್ಲಿ ನೆನೆದರೆ ಅದಕ್ಕೂ ಹೆಚ್ಚು. ಹೊರುವ ಜಂತೆಗಳು ಮಾತ್ರ ತಂದೆಯ ಕಾಲದವೇ. ಅವು ವರ್ಷವರ್ಷಕ್ಕೆ ಕ್ಷೀಣಿಸುವುವೇ ಹೊರತು ಬಲಿಯುವುದಿಲ್ಲ. ಸೋರದ ಮಾಳಿಗೆಯು ಕುಸಿಯುವುದು ಈ ಕಾರಣದಿಂದಲೇ.

2009ರ ಸೆಪ್ಟೆಂಬರ್ ಕೊನೆಯಲ್ಲಿಯೂ ಅಕ್ಟೋಬರ್ ಮೊದಲಲ್ಲಿಯೂ ಉತ್ತರ ಕರ್ನಾಟಕದಲ್ಲಿ ಎಡೆಬಿಡದೆ ಸುರಿದ ಮಳೆಗೆ ಲೆಕ್ಕವಿಲ್ಲದಷ್ಟು ಮಣ್ಣಿನ ಮನೆಗಳು ನೆಲಸಮವಾದುವು. ರಾಜ್ಯದಲ್ಲಿ ಆ ಮಳೆ ನೆರೆಗಳಿಗೆ ಇನ್ನೂರಕ್ಕೂ ಹೆಚ್ಚು ಜನರು ಬಲಿಯಾದರು. ಅವರಲ್ಲಿ ಅನೇಕರು ನೀರಿನಲ್ಲಿ ಮುಳುಗಿದವರಲ್ಲ, ತಮ್ಮ ಮನೆಗಳಡಿಯಲ್ಲಿಯೇ ಸಿಕ್ಕಿದವರು. ಆದುದರಿಂದ ಮಾಳಿಗೆಯಲ್ಲಿ ಒಂದು ಮೂಲೆಯನ್ನು ಅಗೆದು ಮಣ್ಣಿನ ದಪ್ಪವನ್ನು ಅಳೆಯುವುದೇ ಮೊದಲ ಪರೀಕ್ಷೆಯಾಗಬೇಕು. ಮಿತಿಮೀರಿದ್ದರೆ ಹಳೆಯ ಮಣ್ಣನ್ನು ತೆಗೆದ ಹೊರತು ಹೊಸ ಮಣ್ಣನ್ನು ಒಂದು ಬುಟ್ಟಿಯಷ್ಟೂ ಹಾಕಕೂಡದು. ಜಂತೆಗಳ ನಡುವಿನ ಹಲಗೆಗಳಿಂದ ಮಣ್ಣು ಉದುರುವುದು, ಬಾಗಿಲು ಹಿಂದೆಂದೂ ಇಲ್ಲದೆ ಚೌಕಟ್ಟಿನಲ್ಲಿ ಬಿಗಿಯುವುದು, ರಾತ್ರಿ ಮರವು ಲಟಲಟನೆ ಸದ್ದುಮಾಡುವುದು, ಇವು ಕಂಡ ದಿನವೇ ಆ ಕೋಣೆಯಲ್ಲಿ ಮಲಗುವುದನ್ನು ಬಿಡಬೇಕು.

ಕಾಂಕ್ರೀಟು ತಾರಸಿ ಮತ್ತು ತಗಡುಗಳು. ತಾರಸಿಯು ಶಾಶ್ವತವೆಂಬ ನಂಬಿಕೆ ಹಳ್ಳಿಗಳಲ್ಲಿ ಬಲವಾಗಿದೆ. ಆದರೆ ತೇವವು ಒಳಹೊಕ್ಕು ಸರಳಿಗೆ ತುಕ್ಕು ಹಿಡಿದರೆ, ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನು ಆಕ್ರಮಿಸಿ, ಸುತ್ತಣ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುವುದು. ತಾರಸಿಯ ಕೆಳಗಡೆ ಸರಳಿನ ಜಾಡಿನಲ್ಲಿಯೇ ನೇರವಾಗಿ ಬಿಟ್ಟ ಬಿರುಕು, ಕಂದುಬಣ್ಣದ ಕಲೆ, ಬಡಿದರೆ ಟೊಳ್ಳು ಸದ್ದು, ಉದುರಿದ ಚಕ್ಕೆ, ಇವು ಕಂಡಾಗ ಗಾರೆ ಬಳಿದು ಮುಚ್ಚುವುದು ಹುಣ್ಣಿನ ಮೇಲೆ ರೇಷ್ಮೆ ಹೊದಿಸಿದಂತೆ. ಇಲ್ಲಿ ಮೇಸ್ತ್ರಿಯ ಊಹೆ ಸಾಲದು. ತಿಳಿದ ಎಂಜಿನಿಯರನಿಂದಲೇ ಪರೀಕ್ಷೆ ಮಾಡಿಸಬೇಕು. ಕಬ್ಬಿಣದ ತಗಡಿನಲ್ಲಿ ಮೊಳೆಯ ತೂತಿನ ಸುತ್ತಲೂ ತುಕ್ಕು ಹರಡಿದ್ದರೆ ಬಿರುಗಾಳಿಗೆ ಅದು ಹಾರುವುದು. ಹಾರಿದ ತಗಡು ಕತ್ತಿಗೆ ಸಮಾನ. ಹಳೆಯ ಕಲ್ನಾರಿನ ಹಾಳೆಗಳನ್ನು ಒಡೆದು ಕೊರೆದು ತೆಗೆಯಕೂಡದು. ಅದರ ಧೂಳು ಶ್ವಾಸಕೋಶಕ್ಕೆ ಸೇರಿ ಅರ್ಬುದರೋಗವನ್ನು ತರುವುದರಿಂದ, ಮೂಗು ಬಾಯಿಗಳಿಗೆ ಧೂಳನ್ನು ತಡೆಯುವ ತಕ್ಕ ರಕ್ಷಣೆಯನ್ನು ಕಟ್ಟಿಕೊಂಡು, ಹಾಳೆಯನ್ನು ನೀರಿನಿಂದ ನೆನೆಸಿ, ಇಡಿಯಾಗಿ ಇಳಿಸತಕ್ಕದ್ದು.

ಈ ಎಲ್ಲದರಿಂದ ಏರ್ಪಡುವ ಸಾರವಾದರೂ ಸರಳವಾದುದು. ಹೊದಿಕೆ ಮಾತ್ರ ಕೆಟ್ಟಿದ್ದರೆ ದುರಸ್ತಿ; ಒಂದೆರಡು ಪಕಾಸಿ ಜಂತೆಗಳು ಕೆಟ್ಟಿದ್ದರೆ ಆ ಅಂಕಣದ ಮಟ್ಟಿಗೆ ಬದಲಾವಣೆ; ತೊಲೆಯ ತುದಿಗಳು ಕೊಳೆತು, ತಗ್ಗು ಬೆಳೆಯುತ್ತಾ, ಗೋಡೆ ವಾಲಿದ್ದರೆ ಪೂರ್ಣ ಬದಲಾವಣೆ. ಮೂರನೆಯ ಸ್ಥಿತಿಯಲ್ಲಿರುವ ಮಾಡಿಗೆ ಮೊದಲನೆಯ ಚಿಕಿತ್ಸೆ ಮಾಡುವುದು ಹಣದ ದಂಡ. ಮೊದಲನೆಯ ಸ್ಥಿತಿಯಲ್ಲಿರುವುದಕ್ಕೆ ಮೂರನೆಯ ಚಿಕಿತ್ಸೆ ಮಾಡುವುದು ಸಾಲದ ದಾರಿ. ಭದ್ರವಾದ ಹೆಂಚಿನ ಮನೆಯನ್ನು ನೆರೆಯವನ ತಾರಸಿಯನ್ನು ನೋಡಿ ಕೆಡವುವುದು, ಹಾಲು ಕರೆಯುವ ಹಸುವನ್ನು ಕೊಂಬು ಸೊಟ್ಟಗಿದೆಯೆಂದು ಮಾರಿದಂತೆ.

ಹಣವಿಲ್ಲವೆಂಬ ಆಕ್ಷೇಪಣೆಯು ನ್ಯಾಯವಾದುದೇ. ಆದರೆ ಕೊಳೆತ ತುದಿಯೊಂದನ್ನು ಈ ವರ್ಷ ಬದಲಾಯಿಸದವನು ಮುಂದೆ ತೊಲೆಯನ್ನೂ ಗೋಡೆಯನ್ನೂ ಒಟ್ಟಿಗೆ ಕಟ್ಟಬೇಕಾಗುವುದು. ಪರೀಕ್ಷೆಗಂತೂ ಒಂದು ದಾರ, ಒಂದು ದಬ್ಬಳ, ಒಂದು ಸುತ್ತಿಗೆ, ಅರ್ಧ ದಿನದ ಬಿಡುವು ಇವಿಷ್ಟೇ ಸಾಕು.

ಕೊನೆಯದಾಗಿ, ಊರ ಯಜಮಾನರೂ ಜಮೀನುದಾರರೂ ಮುಖ್ಯವಾಗಿ ಲಕ್ಷ್ಯವಿಡತಕ್ಕ ಮಾತೊಂದಿದೆ. ತಮ್ಮ ಮನೆಯ ಮಾಡನ್ನು ನೋಡಿಕೊಳ್ಳುವ ಶಕ್ತಿ ಅವರಿಗುಂಟು. ಆದರೆ ತೋಟದ ಮೂಲೆಯಲ್ಲಿ ಆಳುಮಕ್ಕಳು ವಾಸಿಸುವ ಮನೆಯ ಜಂತೆಯನ್ನು ಯಾರು ಬಡಿದು ನೋಡುವರು? ದನದ ಕೊಟ್ಟಿಗೆಯ ತೊಲೆಯನ್ನು ಯಾರು ಅಳೆಯುವರು? ಒಂಟಿಯಾಗಿ ಬಾಳುವ ಮುದುಕಿಯ ಮಾಳಿಗೆಯ ಮೇಲೆ ಎಷ್ಟು ಮಣ್ಣಿದೆಯೆಂದು ಯಾರು ಬಲ್ಲರು? ಮಕ್ಕಳು ಕುಳಿತು ಓದುವ ಶಾಲೆಯ ಸೂರು ಯಾರ ಕಣ್ಣಿಗೆ ಬೀಳುವುದು? ಕೆಲಸಗಾರರಿಗೆ ವಾಸಕ್ಕೆ ಮನೆಯನ್ನು ಕೊಟ್ಟವನು ಅದರ ಮಾಡಿಗೂ ಹೊಣೆಗಾರನೆಂಬುದು ಧರ್ಮ. ವಂಶಪಾರಂಪರ್ಯದ ಪಟೇಲಿಕೆಯನ್ನು 1961ರ ಕಾಯಿದೆಯು ರದ್ದುಮಾಡಿತು. ಊರ ಹಿರಿತನದ ಹೊಣೆಯನ್ನು ಯಾವ ಕಾಯಿದೆಯೂ ರದ್ದುಮಾಡಿಲ್ಲ.

ಆದಕಾರಣ ಪ್ರತಿ ಗ್ರಾಮದಲ್ಲಿಯೂ ಸುಗ್ಗಿಯ ತರುವಾಯ ಒಂದು ದಿನವನ್ನು ಗೊತ್ತುಮಾಡಿ, ಊರ ಬಡಗಿ, ಮೇಸ್ತ್ರಿ, ಪಂಚಾಯಿತಿಯ ಸದಸ್ಯರೊಡನೆ ಹಿರಿಯರು ಮನೆಮನೆಗೂ ಹೋಗಿ, ಮಾಡುಗಳ ಸ್ಥಿತಿಯನ್ನು ದುರಸ್ತಿ, ಭಾಗಶಃ ಬದಲಾವಣೆ, ಪೂರ್ಣ ಬದಲಾವಣೆ ಎಂದು ಮೂರು ಪಟ್ಟಿಗಳಲ್ಲಿ ಬರೆಯುವುದು ಅತ್ಯಾವಶ್ಯಕ. ಮೂರನೆಯ ಪಟ್ಟಿಯಲ್ಲಿರುವ ಬಡವರಿಗೆ ಪಂಚಾಯಿತಿಯ ಮೂಲಕ ವಸತಿ ಯೋಜನೆಗಳ ನೆರವನ್ನು ದೊರಕಿಸಲು ಆ ಪಟ್ಟಿಯೇ ಆಧಾರವಾಗುವುದು. ಕಟ್ಟುವವರೆಗೆ ಮಳೆಯ ರಾತ್ರಿಗಳಲ್ಲಿ ಅವರಿಗೆ ಬೇರೆ ಆಸರೆಯನ್ನು ಗೊತ್ತುಮಾಡಬೇಕು. ರೋಹಿಣಿ ಮಳೆ ಹುಟ್ಟುವುದಕ್ಕೆ ಮೊದಲೇ ಇಷ್ಟನ್ನು ಮಾಡಿ ಮುಗಿಸಿದ ಊರಿನಲ್ಲಿ, ಆರ್ದ್ರಾ ಮಳೆಯ ರಾತ್ರಿ ಜನರು ಮಳೆಯ ಸದ್ದನ್ನು ಬೆಳೆಯ ಶುಭವಾರ್ತೆಯೆಂದು ಕೇಳಿ ನಿದ್ರಿಸುವರು.